ಜಗಳ ಯಾಕೆ ಯಾವಾಗಲೂ ತಾರಕಕ್ಕೇ ಏರುತ್ತದೆ?

ನಮ್ಮ ಕನ್ನಡ ಪೇಪರುಗಳಲ್ಲಿ 'ತಾರಕ' ಅನ್ನುವ ಪದಕ್ಕೆ ಬಿಡುವೇ ಇಲ್ಲ. ಭಿನ್ನಮತ ತಾರಕಕ್ಕೆ. ವಾಕ್ಸಮರ ತಾರಕಕ್ಕೆ. ಪ್ರಚಾರದ ಭರಾಟೆ ತಾರಕಕ್ಕೆ. ಗಡಿ ತಕರಾರು, ನೀರಿನ ತಕರಾರು, ಅಣ್ಣತಮ್ಮಂದಿರ ಆಸ್ತಿ ಜಗಳ, ಎಲ್ಲವೂ ಕೊನೆಗೆ ಹತ್ತುವುದು ಅಲ್ಲಿಗೇ. ಶಿವಮೊಗ್ಗದಲ್ಲಿ ಪೇಪರ್ ಕೊಂಡು ಬಸ್ ಹತ್ತಿದರೆ ಸಾಗರ ಬರುವುದರೊಳಗೆ ಒಂದಾದರೂ ತಾರಕ ಸಿಕ್ಕೇ ಸಿಗುತ್ತದೆ. ಆದರೆ ಬಾಯಿಮಾತಿನಲ್ಲಿ ಇದನ್ನು ಕೇಳಿದ್ದೀರಾ? "ಪಕ್ಕದ ಮನೇಲಿ ಜಗಳ ತಾರಕಕ್ಕೇರಿದೆ ಮಾರಾಯ್ರೆ" ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಗಲಾಟೆ ಜೋರಾಯ್ತು ಅಂತಾರೆ, ಅಷ್ಟೆ.

ಇದು ಸಂಗೀತದಿಂದ ಬಂದ ಪದ. ಮಂದ್ರ, ಮಧ್ಯ, ತಾರ ಅಂತ ಮೂರು ಸ್ಥಾಯಿ, ಅಂದರೆ ಕೆಳಗಿನ ದನಿ, ನಡುವಿನ ದನಿ, ಮೇಲಿನ ದನಿ. ಷಡ್ಜ ಅಂದರೆ 'ಸ' ಸ್ವರ; ಮಧ್ಯ ಷಡ್ಜದ ಕಂಪನಕ್ಕೆ ತಾರ ಷಡ್ಜದ್ದು ಸರಿಯಾಗಿ 2 ಪಟ್ಟು. (ತಾರಕ ಅಂದರೆ ನಕ್ಷತ್ರವೂ ಹೌದು, ಹಾಗಾಗಿ ಜಗಳ ಆಕಾಶಕ್ಕೇರಿತು ಅಂತ ಓದಿಕೊಂಡರೂ ನಡೆಯುತ್ತದೆ. ಕೆಲವು ಸುದ್ದಿ ಓದುವಾಗ ನನಗೆ ತಾರಕಾಸುರನೇ ನೆನಪಾಗುತ್ತಾನೆ.)

ಕಛೇರಿಯಲ್ಲಿ ತಾರಕ್ಕೆ ಹೋಗುವುದು ಖುಷಿಯ ವಿಷಯ. ಆಲಾಪನೆ ಮಾಡುವವರು ಕೆಳಗಿನಿಂದ ನಿಧಾನವಾಗಿ ಬಂದು, ಅಲ್ಲಲ್ಲೇ ಸುತ್ತಾಡಿ, ಕಾಯಿಸಿ ಕಾಯಿಸಿ ಕೊನೆಗೆ ತಾರ ಷಡ್ಜ ಮುಟ್ಟಿ ನಿಂತಾಗ ಕೂತವರ ತಲೆ ತಾನಾಗಿಯೇ ಆಡುತ್ತದೆ. ಆಮೇಲೆ ಇಳಿಯುತ್ತಾರೆ, ಇಳಿಯಲೇಬೇಕು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕವನ್ನೇ ನೋಡಿ, ಅದು ಕಾವ್ಯವನ್ನು ರಾಗವಾಗಿ ಓದುವ ಕಲೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಭೀಮನ ಸಿಟ್ಟಿಗೆ ಸ್ವರ ಏರಿದರೆ ದ್ರೌಪದಿಯ ಅಳಲಿಗೆ ಇಳಿಯುತ್ತದೆ. ಮಹಾಭಾರತವನ್ನಿಡೀ ಕಿರುಚಿಕೊಂಡೇ ಓದಿದರೆ ಕೇಳುವವರು ಎದ್ದು ಹೋಗುತ್ತಾರೆ. ಪೇಪರಿನ ತಾರಕಕ್ಕೆ ಮಾತ್ರ ಇಳಿಯುವ ದಾರಿಯೇ ಇಲ್ಲ. ಏರಿದ್ದು ಮೊದಲ ಪುಟ, ಇಳಿದಿದ್ದು ಯಾವ ಪುಟದಲ್ಲೂ ಇಲ್ಲ.

ತಲೆಬರಹ ಕೊಡುವವರ ಕಷ್ಟ ಅರ್ಥವಾಗುತ್ತದೆ. ಜಾಗ ಎರಡೇ ಕಾಲಂ, ಹೊತ್ತು ಮೀರುತ್ತಿದೆ, 'ತಾರಕಕ್ಕೆ' ಅಂದರೆ ನಾಲ್ಕೇ ಅಕ್ಷರ. ನನ್ನ ಸಿಟ್ಟು ಬೇರೆ. ಈ ಪದ ಹಾಕಿಬಿಟ್ಟರೆ ಎಷ್ಟು ಜನ ಸೇರಿದ್ದರು, ಯಾರು ಯಾರಿಗೆ ಏನಂದರು, ನಿನ್ನೆಗಿಂತ ಇವತ್ತು ಏನು ಜಾಸ್ತಿಯಾಯಿತು ಅಂತ ಹೇಳುವ ಗೋಜೇ ಇರುವುದಿಲ್ಲ. ಬಗರ್‌ಹುಕುಂ ಹೋರಾಟ ತಾರಕಕ್ಕೆ ಅಂತ ಮೇಲೆ ದಪ್ಪಕ್ಷರ, ಕೆಳಗೆ ನೋಡಿದರೆ ತಹಶೀಲ್ದಾರರಿಗೆ ಮನವಿ ಕೊಡುತ್ತಿರುವ ಫೋಟೊ.

'ಅಪಸ್ವರ' ಇದಕ್ಕಿಂತ ಕಿಲಾಡಿ ಪದ. ಪಕ್ಷದೊಳಗೆ ಒಬ್ಬರು ಬೇರೆ ಮಾತಾಡಿದರೆ ಸಾಕು, ಅಪಸ್ವರ ಎತ್ತಿದರು ಅಂತ ಬರುತ್ತದೆ. ಅಂದರೆ ಉಳಿದವರೆಲ್ಲ ಶ್ರುತಿಯಲ್ಲೇ ಇದ್ದಾರೆ ಅಂತ ತೀರ್ಪು ಕೊಟ್ಟಂತಾಯಿತು, ಅಲ್ವಾ?

ಇಷ್ಟೆಲ್ಲ ಸಂಗೀತ ಬಲ್ಲ ಪೇಪರಿಗೆ ಮಂದ್ರ ಮಾತ್ರ ಗೊತ್ತಿಲ್ಲ. ಮಲೆನಾಡಿನ ದೊಡ್ಡ ಕಥೆಗಳೆಲ್ಲ ಇರುವುದು ಅಲ್ಲೇ. ಸಾಗರ ತಾಲೂಕಿನ ಕಾಗೋಡು ಸತ್ಯಾಗ್ರಹ ನಡೆದಿದ್ದು 1951ರಲ್ಲಿ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅನ್ನುವುದೇ ಗೇಣಿದಾರರ ತಕರಾರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಹೊರಗಿನವರಿಗೂ ಸುದ್ದಿ ಮುಟ್ಟಿತು. ಆದರೆ ಆ ಕೊಳಗ ಅದಕ್ಕೂ ಮುಂಚೆ ಎಷ್ಟು ಸುಗ್ಗಿಗಳಲ್ಲಿ ಅಳೆದಿತ್ತೋ! ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ಹಿನ್ನೀರಿಗೆ ಮನೆ, ಗದ್ದೆ, ತೋಟ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಇನ್ನೂ ತಾಲೂಕು ಆಫೀಸಿಗೆ ಅಲೆಯುತ್ತಿದ್ದಾರೆ. ಪಾದಯಾತ್ರೆ ಹೊರಟ ದಿನ ಅದೂ ತಾರಕಕ್ಕೇರುತ್ತದೆ. ಮಾರನೆ ದಿನ ಫೈಲು ಮೇಜಿನ ಮೇಲೆ ಮೊದಲಿನ ಹಾಗೇ ಕೂತಿರುತ್ತದೆ, ಸುದ್ದಿ ಇರುವುದಿಲ್ಲ. ಅದಕ್ಕೂ ನಾಲ್ಕಕ್ಷರದ ತಲೆಬರಹ ಯಾರಿಗಾದರೂ ಹೊಳೆದರೆ ಹೇಳಿ.