ನೀರು ತುಂಬಿದ ಕಣ್ಣು: ಗುಂಬಜ್ ಮೂಡಿತು

ಕಣ್ಣಿನ ಮಾಡೆಲ್ ಈ ವಾರ ಕೆಲಸ ಮಾಡಿತು. ಥರ್ಮೋಕೋಲಿಗೆ ಬಣ್ಣ ಬಳಿದು ಚೀಟಿ ಅಂಟಿಸುವ ಮಾಡೆಲ್ ಅಲ್ಲ. ನಿಜವಾಗಿ ಚಿತ್ರ ಮೂಡಿಸುವ ಕಣ್ಣು ಬೇಕಿತ್ತು ನನಗೆ.

ಕಣ್ಣುಗುಡ್ಡೆಗೆ ಒಂದು ಲೀಟರಿನ ದುಂಡು ಗಾಜಿನ ಫ್ಲಾಸ್ಕ್, ಕೆಮಿಸ್ಟ್ರಿ ಲ್ಯಾಬಿನಲ್ಲಿ ಇರುತ್ತಲ್ಲ, ಅದೇ. ಅಡ್ಡಳತೆ ಸುಮಾರು 13 ಸೆಂ.ಮೀ. ನಮ್ಮ ಕಣ್ಣು ಹೆಚ್ಚುಕಡಿಮೆ 24 ಮಿ.ಮೀ. ಒಳಗೆ ಕಾಯಿಸಿ ಆರಿಸಿದ ನೀರು, ಇಲ್ಲದಿದ್ದರೆ ಗಾಜಿಗೆ ಗುಳ್ಳೆ ಕೂರುತ್ತವೆ. ಕೂರಿಸಲು ಅವ್ವನ ಸಿಂಬಿ. ಹಿಂಬದಿಗೆ ಅಂಟಿಸಿದ ಬಟರ್ ಪೇಪರ್ ರೆಟಿನಾ, ಅಂದರೆ ಚಿತ್ರ ಬೀಳುವ ಹಿಂದಿನ ಪರದೆ. ಮುಂದೆ ತೂತು ಮಾಡಿದ ಕಪ್ಪು ಡ್ರಾಯಿಂಗ್ ಶೀಟ್ ಪಾಪೆ.

ಬರೀ ನೀರಿನ ಗುಂಡಿನಲ್ಲಿ ಚಿತ್ರ ಮೂಡಲ್ಲ. ಮುಂದಿನ ಮೈಯಲ್ಲಿ ಬಾಗಿದ ಬೆಳಕು ಒಂದೆಡೆ ಸೇರಲು 26 ಸೆಂ.ಮೀ. ಬೇಕು, ಹಿಂದಿನ ಗೋಡೆ 13ಕ್ಕೇ ಅಡ್ಡ ಬರುತ್ತದೆ. ಗುಂಡು ಚಿಕ್ಕದಾದರೂ ದೊಡ್ಡದಾದರೂ ಇದೇ ಕಥೆ. ಹಾಗಾದರೆ ನಮ್ಮ ಕಣ್ಣು ಏನು ಮಾಡಿದೆ? ಅದು ಪೂರ್ತಿ ದುಂಡಗಿಲ್ಲ. ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಉಬ್ಬಿದೆ. ಗುಡ್ಡೆಯ ತ್ರಿಜ್ಯ ಸುಮಾರು 12 ಮಿ.ಮೀ., ಕಾರ್ನಿಯಾದ್ದು 8ಕ್ಕಿಂತ ಕಡಿಮೆ. ಬೆಳಕು ಬಾಗಿಸುವ ಶಕ್ತಿಯನ್ನು ಡಯಾಪ್ಟರಿನಲ್ಲಿ ಅಳೆಯುತ್ತಾರೆ, ಕನ್ನಡಕದ ನಂಬರ್ ಕೂಡ ಅದೇ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ 40ಕ್ಕಿಂತ ಜಾಸ್ತಿ ಕಾರ್ನಿಯಾ ಒಂದರದ್ದೇ! ಒಳಗಿನ ಲೆನ್ಸ್ ಉಳಿದದ್ದನ್ನು ತುಂಬಿ, ಹತ್ತಿರ ದೂರಕ್ಕೆ ಹೊಂದಿಸುತ್ತದೆ. ಶಾಲೆಯಲ್ಲಿ ಲೆನ್ಸಿಗೇ ಎಲ್ಲ ಹೆಸರು ಕೊಡುತ್ತೇವೆ, ನನಗದು ಸರಿ ಅನಿಸಲ್ಲ. ಬಾವಿಯಲ್ಲಿ ಈಜುವಾಗ ನೀರೊಳಗೆ ಕಣ್ಣು ಬಿಟ್ಟು ನೋಡಿ. ಕಾರ್ನಿಯಾದ ಹೊರಗೂ ನೀರು, ಹಿಂದೆಯೂ ನೀರಿನಂಥದ್ದೇ ದ್ರವ. ಅಲ್ಲಿ ಬೆಳಕು ಬಾಗುವುದು ತೀರಾ ಕಡಿಮೆ. ಲೆನ್ಸ್ ಇದ್ದೂ ಎಲ್ಲ ಮಸುಕು.

ಫ್ಲಾಸ್ಕಿಗೆ ಬೇಕಾದದ್ದು 10 ಡಯಾಪ್ಟರ್, ಅದರ ಮೈ ಕೊಡುವುದು 5. ಸೂಪರ್ ಮಾರ್ಕೆಟ್ ಕಡೆ ಕನ್ನಡಕದ ಅಂಗಡಿಯಲ್ಲಿ ಕತ್ತರಿಸದ ಪ್ಲಸ್ 5 ಲೆನ್ಸ್ ಕೇಳಿದೆ. "ಯಾರಿಗ್ರೀ ಇಷ್ಟು ನಂಬರ್?" ಅಂದರು. ವಿಷಯ ಹೇಳಿದ ಮೇಲೆ ಪ್ಲಸ್ 7, ಮೈನಸ್ 2 ಕೂಡ ಹುಡುಕಿ ಕೊಟ್ಟರು.

ಪ್ಲಸ್ 5 ಅನ್ನು ಫ್ಲಾಸ್ಕಿನ ಮುಂದೆ ಕೂರಿಸಿ, ಸಂಜೆ ಕಲಬುರಗಿಯ ಹಳೇ ಗೋರಿಗಳಾದ ಹಫ್ತ್ ಗುಂಬಜ್ ಹತ್ತಿರ ಒಯ್ದೆವು. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿದರೆ ಬಟರ್ ಪೇಪರ್ ಮೇಲೆ ಗುಂಬಜ್, ತಲೆಕೆಳಗಾಗಿ. ತೂತು ದೊಡ್ಡದಿದ್ದರೆ ಬೆಳಕು ಜಾಸ್ತಿ, ಆದರೆ ಅಂಚು ಕಲಸಿಹೋಗುತ್ತದೆ. ಚಿಕ್ಕದು ಮಾಡಿದರೆ ಅಂಚು ಚೂಪು, ಚಿತ್ರ ಮಂಕು.

"ಕಾಕಾ, ನಮ್ಮ ಕಣ್ಣೊಳಗೂ ಹಿಂಗೇನಾ?" ತಮ್ಮನ ಮಗಳ ಪ್ರಶ್ನೆ. ಹೌದು. 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ್ದೂ ಇದನ್ನೇ, ರೆಟಿನಾ ಮೇಲೆ ಚಿತ್ರ ತಲೆಕೆಳಗಾಗಿಯೇ ಮೂಡುತ್ತದೆ. ಅದನ್ನು ನೆಟ್ಟಗೆ ಮಾಡುವ ಇನ್ನೊಂದು ಲೆನ್ಸ್ ಒಳಗಿಲ್ಲ. ಕೂತು ನೋಡಲು ಇನ್ನೊಂದು ಕಣ್ಣೂ ಇಲ್ಲ. ರೆಟಿನಾದಿಂದ ಮೆದುಳಿಗೆ ಹೋಗುವುದು ಚಿತ್ರವಲ್ಲ, ನರದ ಸಂಕೇತ. ಸುಮಾರು 10 ಲಕ್ಷ ಎಳೆಗಳ ಒಂದು ನರ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಮೆದುಳು ಅದರಿಂದಲೇ ತಿಳಿಯುತ್ತದೆ.

ಪ್ಲಸ್ 7 ಹಾಕಿದಾಗ ಗುಂಬಜ್ ಮಸುಕಾಯಿತು. ಅರ್ಧ ಮೀಟರ್ ದೂರದ ಮೊಂಬತ್ತಿ ಮಾತ್ರ ಸ್ಪಷ್ಟ. ದೂರದ್ದು ಕಾಣದವರ ಕಣ್ಣು ಹೀಗೇ ಇರುತ್ತದೆ. ಮುಂದೆ ಮೈನಸ್ 2 ಹಿಡಿದಾಗ ಗುಂಬಜ್ ವಾಪಸ್ ಬಂತು. ಹುಡುಗಿ ತನ್ನ ಕನ್ನಡಕ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಅವಳದ್ದೂ ಮೈನಸ್.

ಇನ್ನು ಹತ್ತಿರ ದೂರಕ್ಕೆ ತಾನೇ ಉಬ್ಬುವ ಲೆನ್ಸ್ ಮಾಡಬೇಕು. ತೆಳು ಪಾರದರ್ಶಕ ಹಾಳೆ ಎರಡು, ನಡುವೆ ನೀರು, ಪಕ್ಕದಲ್ಲಿ ಸಿರಿಂಜ್. ನೀರು ಒತ್ತಿದರೆ ಉಬ್ಬಬೇಕು. ಸೋರದ ಹಾಗೆ ಅಂಚು ಕೂಡಿಸುವ ಅಂಟು ಯಾವುದು ಅಂತ ಗೊತ್ತಿದ್ದವರು ತಿಳಿಸಿ.