ಕಾಫಿ ಹುರಿಯುವ ರೋಸ್ಟರ್ ಲಾಗ್: ಫಸ್ಟ್ ಕ್ರ್ಯಾಕ್‌ನಲ್ಲಿ ಹಾರುತ್ತಿದ್ದ 40 ಡಿಗ್ರಿ

ಕೊನೆಗೂ ಕಳ್ಳ ಸಿಕ್ಕ. ತಾಪ 196 ಡಿಗ್ರಿ ಮುಟ್ಟಿ ಕಾಫಿ ಬೀಜ ಚಟಪಟ ಎನ್ನುವ ಹೊತ್ತಿಗೆ, ಅಂದರೆ ಫಸ್ಟ್ ಕ್ರ್ಯಾಕ್‌ಗೆ, ಡಿಸ್‌ಪ್ಲೇ 236ಕ್ಕೆ ಹಾರುವುದು, ಕಂಟ್ರೋಲರ್ ಗಾಬರಿಬಿದ್ದು ಹೀಟರ್ ಕಡಿಯುವುದು. ಮೂರು ಬ್ಯಾಚ್ ಹೀಗೇ ಹಾಳು. ತಾಪ ಅಳೆಯುವ ಥರ್ಮೋಕಪಲ್ ವೈರ್ ಬದಲಿಸಿದ್ದು, ಅದನ್ನು ಓದುವ ಮ್ಯಾಕ್ಸ್31855 ಚಿಪ್‌ನ ಬೋರ್ಡ್ ಬದಲಿಸಿದ್ದು, ಹೀಟರ್ ನಿಯಂತ್ರಿಸುವ ಪಿಐಡಿ ಲೆಕ್ಕಕ್ಕೆ ಹಾಕಿದ ಶಾಪ ಎಲ್ಲ ದಂಡ.

ಕಳ್ಳ ಕೂತಿದ್ದು ಟೆರೇಸಿನ ಸ್ಟೂಲ್ ಮೇಲೆ: 145 ಮೆಗಾಹರ್ಟ್ಸ್, 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೋ), ಸದ್ದು ಕೇಳಿದರೆ ತಾನೇ ಚಾಲೂ ಆಗುವ ವಾಕ್ಸ್ ಆನ್. ಬೀಜ ಚಟ್ ಎಂದರೆ ಯಾರೋ ಮಾತಾಡಿದರು ಅಂದುಕೊಂಡು ಟ್ರಾನ್ಸ್‌ಮಿಟ್ ಮಾಡುತ್ತಿತ್ತು. ಕಾಲ್‌ಸೈನ್ (ಹ್ಯಾಮ್‌ಗಳ ಗುರುತಿನ ಸಂಕೇತ) ಇಲ್ಲದೆ ಗಾಳಿಗೆ ಬಂದ ಕಾಫಿ ಬೀಜ!

ವಾಕ್ಸ್ ಆಫ್ ಮಾಡಿದರೂ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದಾಗ ಅದೇ ಕಥೆ. ಕೆ ಟೈಪ್ ಥರ್ಮೋಕಪಲ್ ಕೊಡುವುದು ಡಿಗ್ರಿಗೆ 41 ಮೈಕ್ರೋವೋಲ್ಟ್. 40 ಡಿಗ್ರಿ ಸುಳ್ಳು ಹೇಳಿಸಲು ಬರೀ 1.6 ಮಿಲಿವೋಲ್ಟ್ ಸಾಕು. ವೈರ್ ಉದ್ದ 1 ಮೀಟರ್, ಅಂದರೆ 145ರಲ್ಲಿ ಹೆಚ್ಚುಕಡಿಮೆ ಅರ್ಧ ತರಂಗ. ಬೇಕೆಂದೇ ಕಟ್ಟಿದರೂ ಇಷ್ಟು ಒಳ್ಳೆ ಆಂಟೆನಾ ಆಗುತ್ತಿರಲಿಲ್ಲ. ಅದು ಹಿಡಿದ ಆರ್‌ಎಫ್ (ರೇಡಿಯೋ ತರಂಗದ ಸಿಗ್ನಲ್) ಅನ್ನು ಮ್ಯಾಕ್ಸ್31855 ಚಿಪ್‌ನ ಒಳಗಿನ ಜಂಕ್ಷನ್‌ಗಳು ರೆಕ್ಟಿಫೈ ಮಾಡಿ ಡಿಸಿ, ಅಂದರೆ ಒಂದೇ ದಿಕ್ಕಿನ ವೋಲ್ಟೇಜ್, ಮಾಡುತ್ತವೆ. ಈ ಸೆಟ್‌ನ ಎಫ್‌ಎಂ ಕ್ಯಾರಿಯರ್‌ನ (ಮಾತು ಹೊರುವ ತರಂಗದ) ಬಲ ಏರಿಳಿಯುವುದಿಲ್ಲ, ಹಾಗಾಗಿ ತಪ್ಪು ರೀಡಿಂಗೂ ಅಲುಗಾಡದೆ ನಿಂತು ನಿಜದ ತಾಪದಂತೆಯೇ ಕಾಣುತ್ತದೆ. ಡಿಎಂಆರ್ ಎಂಬ ಡಿಜಿಟಲ್ ಬಗೆಯ ಸೆಟ್ ಆಗಿದ್ದರೆ 30 ಮಿಲಿಸೆಕೆಂಡ್ ಆನ್, 30 ಆಫ್; ರೀಡಿಂಗ್ ಕುಣಿದು ಮೊದಲ ದಿನವೇ ಅನುಮಾನ ಬರುತ್ತಿತ್ತು.

ಮೊದಲ ಮದ್ದು, ಬೆಂಗಳೂರಿನ ಎಸ್.ಪಿ. ರೋಡಿನ ಕ್ಲಿಪ್ ಫೆರೈಟ್ (ವೈರಿನಲ್ಲಿ ಆರ್‌ಎಫ್ ತಡೆಯುವ ಕಪ್ಪು ಉಂಗುರ). ಯಾವ ಮಿಕ್ಸ್, ಅಂದರೆ ಫೆರೈಟಿನ ಯಾವ ಬಗೆ ಎಂದರೆ ಅಂಗಡಿಯಲ್ಲಿ ಬಂದ ಉತ್ತರ: "ಕಪ್ಪು ಸಾರ್." ವೈರನ್ನು ಅದರೊಳಗೆ ಸುತ್ತಿದಾಗ ಒಂದು ಸುತ್ತಿಗೆ 40 ಡಿಗ್ರಿ ತಪ್ಪು 34 ಆಯಿತು, ಮೂರು ಸುತ್ತಿಗೆ 22. ಈ ಬ್ಯಾಂಡಿಗೆ ಬೇಕಾದದ್ದು 43 ಮಿಕ್ಸ್.

ಎರಡನೆಯದು, ಥರ್ಮೋಕಪಲ್ ವೈರ್ ಸೇರುವ ಚಿಪ್‌ನ ಟಿ ಪ್ಲಸ್, ಟಿ ಮೈನಸ್ ಪಿನ್ನುಗಳ ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್. ಡೇಟಾಶೀಟೇ ಹೇಳುವ ಮಾತು, ಆದರೆ ಅದು ಹೇಳುವುದು ಕಾಲೇ ಇಲ್ಲದ ಸರ್ಫೇಸ್ ಮೌಂಟ್ ಕೆಪಾಸಿಟರ್. ಡಬ್ಬಿಯಲ್ಲಿದ್ದ ಉದ್ದ ಕಾಲಿನ ಡಿಸ್ಕ್ ಹಾಕಿದರೆ ಏನೂ ಆಗಲಿಲ್ಲ. ಕಾಲು ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ. ಎರಡೂ ಸೇರಿ 10 ಮಿಲಿಮೀಟರ್ ಇದ್ದರೆ 145ರಲ್ಲಿ ಅದು 9 ಓಮ್‌ನ ಕಾಯಿಲ್, ಕೆಪಾಸಿಟರ್ ಅಲ್ಲವೇ ಅಲ್ಲ. ಮೇಲಾಗಿ ಆರ್‌ಎಫ್ ಬರುವುದು ಎರಡೂ ವೈರಿನಲ್ಲಿ ಒಟ್ಟಿಗೆ, ನಡುವಿನ ಕೆಪಾಸಿಟರ್ ಅದನ್ನು ನೋಡುವುದೇ ಇಲ್ಲ.

ಗೆದ್ದದ್ದು ಹೀಗೆ: ಎರಡೂ ವೈರಿಗೆ 100 ಮೆಗಾಹರ್ಟ್ಸ್‌ನಲ್ಲಿ 600 ಓಮ್ ಇರುವ ಫೆರೈಟ್ ಬೀಡ್ ಒಂದೊಂದು, ಅದಾದ ಮೇಲೆ ಪ್ರತಿ ಪಿನ್ನಿನಿಂದ ಗ್ರೌಂಡಿಗೆ 0603 ಸೈಜಿನ 1 ನ್ಯಾನೋಫ್ಯಾರಡ್ ಸಿ0ಜಿ (ಒಂದು ಬಗೆಯ ಸೆರಾಮಿಕ್) ಕೆಪಾಸಿಟರ್, ನಡುವೆ ಸರ್ಫೇಸ್ ಮೌಂಟ್ 10 ನ್ಯಾನೋ. ಎರಡೂ ಕಡೆ ಒಂದೇ ರೀಲಿನ ಪಾರ್ಟ್ ಇರಲಿ. ಜೋಡಿ ತಪ್ಪಿದರೆ ಎರಡು ವೈರಿನ ವ್ಯತ್ಯಾಸವೇ ಸಿಗ್ನಲ್ ಆಗುತ್ತದೆ. ಅಲ್ಲಿಗೆ ತಪ್ಪು 6 ಡಿಗ್ರಿಗೆ ಇಳಿಯಿತು. ಉಳಿದದ್ದು ಶೀಲ್ಡನ್ನು (ವೈರಿನ ಮೇಲಿನ ಲೋಹದ ಜಾಲರಿಯನ್ನು) ಬಾಕ್ಸಿಗೆ ಸೇರಿಸಿದ್ದ 5 ಸೆಂಟಿಮೀಟರ್ ಬಾಲದ ಕೃಪೆ: ಅದೇ ಸುಮಾರು 45 ಓಮ್. ಬಾಲ ಕತ್ತರಿಸಿ, ಬಾಕ್ಸಿನ ಪೌಡರ್ ಕೋಟಿಂಗ್ ಕೆರೆದು, ಜಾಲರಿಯನ್ನು ಸುತ್ತಲೂ ಕ್ಲ್ಯಾಂಪ್ ಒತ್ತಿ ಹಿಡಿಯುವಂತೆ ಮಾಡಿದ ಮೇಲೆ ಅರ್ಧ ಮೀಟರಿನಲ್ಲಿ ಪಿಟಿಟಿ ಒತ್ತಿದರೂ ತಪ್ಪು ಬರೀ 0.75 ಡಿಗ್ರಿ.

ಇಷ್ಟಾದರೂ ದೂರವೇ ಅಗ್ಗದ ಫಿಲ್ಟರ್. ರೇಡಿಯೋ ಕ್ಷೇತ್ರದ ಬಲ ತಿಳಿಯಲು ವಾಟ್‌ನ ವರ್ಗಮೂಲವನ್ನು 7ರಿಂದ ಗುಣಿಸಿ ಮೀಟರಿನಿಂದ ಭಾಗಿಸಿ: 5 ವಾಟಿಗೆ 1 ಮೀಟರಿನಲ್ಲಿ ಸುಮಾರು 16 ವೋಲ್ಟ್ ಪ್ರತಿ ಮೀಟರಿಗೆ. ಪ್ರತಿ ಮೀಟರಿಗೆ 3 ವೋಲ್ಟ್ ಕ್ಷೇತ್ರದ ಮಟ್ಟದಲ್ಲಿ ಪರೀಕ್ಷೆಯಾದ ಸಲಕರಣೆಯಿಂದ 5 ಮೀಟರಿಗೂ ಹೆಚ್ಚು ದೂರ ಇರಬೇಕು. ಪವರ್ 1 ವಾಟಿಗೆ ಇಳಿಸಿದರೆ ಕ್ಷೇತ್ರ ಇಳಿಯುವುದು 2.2 ಪಟ್ಟು ಮಾತ್ರ. ನಾಲ್ಕು ಹೆಜ್ಜೆ ಆಚೆ ಹೋಗುವುದೇ ವಾಸಿ. ಐಸಿಯುನಂಥ ಕಡೆ ಲೆಕ್ಕ ಬೇಡ, ಸೆಟ್ ಆಫ್. ಟ್ರಂಕ್ಡ್ (ಚಾನೆಲ್‌ಗಳನ್ನು ನೆಟ್‌ವರ್ಕೇ ಹಂಚುವ) ಡಿಜಿಟಲ್ ಸೆಟ್‌ಗಳು ಯಾರೂ ಮುಟ್ಟದಿದ್ದರೂ ನೆಟ್‌ವರ್ಕಿಗೆ ರಿಜಿಸ್ಟರ್ ಆಗಲು ತಾವೇ ಟ್ರಾನ್ಸ್‌ಮಿಟ್ ಮಾಡುತ್ತವೆ.

ಈ ನಡುವೆ ಸ್ಟೀಲ್ ಅಳತೆ ಟೇಪು, ಪಿವಿಸಿ ಪೈಪು ಬಂದಿವೆ, ಫಾಕ್ಸ್ ಹಂಟ್‌ಗೆ (ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟಕ್ಕೆ) ಮೂರು ಎಲಿಮೆಂಟಿನ ಯಾಗಿ ಆಂಟೆನಾ ಕಟ್ಟಲು. ಅದಕ್ಕೂ ಮೊದಲು ರೋಸ್ಟರಿಗೆ 435 ಮೆಗಾಹರ್ಟ್ಸ್‌ನಲ್ಲಿ ಪರೀಕ್ಷೆ ಬಾಕಿ: 1 ನ್ಯಾನೋದ 0603 ಸುಮಾರು 160 ಮೆಗಾಹರ್ಟ್ಸ್ ದಾಟಿದರೆ ಸುಸ್ತು, ಅಲ್ಲಿಗೆ 100 ಪಿಕೋ ಬೇಕು. ಆರ್ಡರ್ ಹಾಕಿದ್ದು 100 ಪಿಕೋಗೆ, ಪ್ಯಾಕೆಟಿನಲ್ಲಿ ಬಂದದ್ದು 100 ನ್ಯಾನೋ.