ನರಕ ಚತುರ್ದಶಿಯ ಎಣ್ಣೆ, ಎಳ್ಳು, ನೀರು

ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಬಟ್ಟಲಿಗೆ ಅದ್ದಿದ ಬೆರಳು ಮೊದಲು ತಲೆಗೆ ಹೋಗುವುದಿಲ್ಲ, ನೆಲಕ್ಕೆ ಹೋಗುತ್ತದೆ. ಮಣೆಯ ಮುಂದೆ ಸಾಲಾಗಿ ಏಳು ಬೊಟ್ಟು. ‘ಅಶ್ವತ್ಥಾಮಾ ಬಲಿರ್ವ್ಯಾಸೋ ಹನೂಮಾಂಶ್ಚ ವಿಭೀಷಣಃ, ಕೃಪಃ ಪರಶುರಾಮಶ್ಚ ಸಪ್ತೈತೇ ಚಿರಜೀವಿನಃ’ ಎಂದು ಹೇಳುತ್ತ ಇಡುವ ಬೊಟ್ಟುಗಳು. ಮಾರ್ಕಂಡೇಯನಿಗೆಂದು ಎಂಟನೆಯದನ್ನೂ ಇಡುವ ಮನೆಗಳಿವೆ. ಹುಟ್ಟುಹಬ್ಬದ ಎಣ್ಣೆಶಾಸ್ತ್ರಕ್ಕೂ ಇದೇ ಶ್ಲೋಕ, ಯುಗಾದಿಗೂ ಇದೇ. ಹಾಗಾಗಿ ಬಾಯಿ ತಾನಾಗಿ ಹೇಳಿ ಮುಗಿಸುತ್ತದೆ, ಮನಸ್ಸು ಆ ಹೆಸರುಗಳ ಮೇಲೆ ನಿಲ್ಲುವುದೇ ಇಲ್ಲ.

ಈ ಒಂದು ದಿನವಾದರೂ ನಿಲ್ಲಬೇಕು. ಅಶ್ವತ್ಥಾಮ ಪಾಂಡವರ ಮಕ್ಕಳನ್ನು ಮಲಗಿದ್ದಲ್ಲೇ ಕೊಂದವನು. ಅವನು ಒಳಗೆ ಕೊಲ್ಲುತ್ತಿದ್ದಾಗ ಶಿಬಿರದ ಬಾಗಿಲಲ್ಲಿ ನಿಂತಿದ್ದವನು ಕೃಪ. ಬಲಿ ಅಸುರ ಚಕ್ರವರ್ತಿ, ವಿಭೀಷಣ ರಾವಣನ ಒಡಹುಟ್ಟಿದವನು. ಏಳರಲ್ಲಿ ನಾಲ್ವರು ಎದುರು ಪಾಳೆಯದಲ್ಲಿ ಕಾದಿದವರು ಅಥವಾ ಆ ಕುಲದಲ್ಲೇ ಹುಟ್ಟಿದವರು. ಅಸುರನೊಬ್ಬ ಸತ್ತ ದಿನದ ಮೊದಲ ಎಣ್ಣೆ, ಅದರಲ್ಲೂ ಮೊದಲ ಬೊಟ್ಟು, ಅಶ್ವತ್ಥಾಮನ ಹೆಸರಿಗೆ!

ಶತ್ರು ಸತ್ತದ್ದಕ್ಕೆ ಹಬ್ಬ ಮಾಡುವುದು ಸರಿಯೇ ಎಂದು ಮಕ್ಕಳು ಕೇಳುತ್ತಾರೆ, ಈಗ ದೊಡ್ಡವರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ‘ಅವನು ಕೆಟ್ಟವನು, ಅದಕ್ಕೇ’ ಎಂದು ಬಾಯಿ ಮುಚ್ಚಿಸಬಾರದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಆ ದಿನ ಏನೇನು ಮಾಡಬೇಕೆಂದು ಹಿರಿಯರು ಇಟ್ಟಿದ್ದಾರೋ ಅದನ್ನು ಒಂದೊಂದಾಗಿ ನೋಡಿದರೆ ಸಾಕು.

ಮೊದಲು ಕಥೆ. ಎಲ್ಲರಿಗೂ ಗೊತ್ತಿರುವುದೇ, ಆದರೆ ಕೊನೆಯ ಭಾಗವನ್ನು ಯಾರೂ ಹೇಳುವುದಿಲ್ಲ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕೃಷ್ಣ ಸತ್ಯಭಾಮೆಯೊಡನೆ ಗರುಡನನ್ನೇರಿ ನರಕಾಸುರನ ಊರಾದ ಪ್ರಾಗ್ಜ್ಯೋತಿಷಪುರಕ್ಕೆ ಹೋಗುತ್ತಾನೆ, ಅದನ್ನು ಕಾಯುತ್ತಿದ್ದ ಮುರನನ್ನು ಕೊಲ್ಲುತ್ತಾನೆ, ಆನೆಯ ಮೇಲಿದ್ದ ನರಕನ ತಲೆಯನ್ನು ಚಕ್ರದಿಂದ ಕತ್ತರಿಸುತ್ತಾನೆ. ತನ್ನ ಸಾವಿನ ದಿನ ಲೋಕವೆಲ್ಲ ದೀಪ ಹಚ್ಚಲಿ ಎಂದು ನರಕನೇ ವರ ಬೇಡಿದನೆಂಬ ಮಾತು ಜನರ ಬಾಯಲ್ಲಿದೆ, ಭಾಗವತದ ಆ ಅಧ್ಯಾಯದಲ್ಲಿ ಅದಿಲ್ಲ. ಅಲ್ಲಿರುವುದು ಇನ್ನೂ ದೊಡ್ಡದು. ಸತ್ತವನ ತಾಯಿ ಭೂದೇವಿ ಬರುತ್ತಾಳೆ. ಮಗ ಕಿತ್ತುಕೊಂಡಿದ್ದ ಅದಿತಿಯ ಕುಂಡಲಗಳನ್ನೂ ವರುಣನ ಛತ್ರವನ್ನೂ ಒಪ್ಪಿಸುತ್ತಾಳೆ. ಆಮೇಲೆ ಹೆದರಿ ನಿಂತಿದ್ದ ಮೊಮ್ಮಗ ಭಗದತ್ತನನ್ನು ಮುಂದೆ ತಂದು, ‘ಇವನ ತಲೆಯ ಮೇಲೆ ನಿನ್ನ ಕೈಯಿಡು’ ಎಂದು ಬೇಡುತ್ತಾಳೆ. ಕೃಷ್ಣ ಅಭಯ ಕೊಟ್ಟ ಮೇಲೆಯೇ ಅರಮನೆಯೊಳಗೆ ಹೋಗುವುದು, ಸೆರೆಯಲ್ಲಿದ್ದ ಹದಿನಾರು ಸಾವಿರ ಹೆಣ್ಣುಮಕ್ಕಳನ್ನು ಕಾಣುವುದು.

ವಿಷ್ಣುಪುರಾಣದಲ್ಲಿ ಆ ತಾಯಿಯ ಮಾತು ಇನ್ನೂ ನೇರ. ವರಾಹನಾಗಿ ನೀನು ನನ್ನನ್ನು ಎತ್ತಿದಾಗ ನಿನ್ನ ಸ್ಪರ್ಶದಿಂದಲೇ ಹುಟ್ಟಿದವನು ಇವನು. ನೀನೇ ಕೊಟ್ಟೆ, ನೀನೇ ಕೆಡವಿದೆ. ಇನ್ನು ಇವನ ಸಂತತಿಯನ್ನು ಕಾಪಾಡು. ಹೀಗೆ ನೋಡಿದರೆ ಸತ್ತವನು ದೇವರ ಮಗನೇ. ಆ ದಿನದ ಸಂತೋಷದ ನಡುವೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ನಿಂತಿದ್ದಾಳೆ, ಅವಳೇ ನಾವು ಕಾಲಿಟ್ಟ ನೆಲ.

ತಲೆಯ ಮೇಲೆ ಕೈ. ಎಣ್ಣೆ ಹಚ್ಚಿಸಿಕೊಂಡವರಿಗೆಲ್ಲ ಆ ಕೈ ಗೊತ್ತು. ಹೊರಗೆ ಕತ್ತಲೆ, ಕೆಳಗೆ ಮಣೆಯ ತಣುಪು. ಮೊದಲು ಗರಿಕೆಯಲ್ಲಿ ಅದ್ದಿದ ಎಣ್ಣೆ ನೆತ್ತಿಗೆ ಹನಿಯುತ್ತದೆ, ಕಿವಿಯ ಹಿಂದಕ್ಕೆ ಬೆಚ್ಚಗೆ ಇಳಿಯುತ್ತದೆ. ಆಮೇಲೆ ಅಂಗೈ ಪೂರ್ತಿ ನೆತ್ತಿಯ ಮೇಲೆ ಕೂರುತ್ತದೆ, ತಟ್ಟುತ್ತದೆ, ‘ಆಯುಷ್ಯವಂತನಾಗು’ ಎನ್ನುತ್ತದೆ. ಅಪ್ಪ ಸತ್ತ ಗಳಿಗೆಯಲ್ಲಿ ಹೆದರಿ ನಡುಗುತ್ತಿದ್ದ ಒಬ್ಬ ಹುಡುಗನ ತಲೆಗೆ ಸಿಕ್ಕ ಅಭಯ ಅದೇ ದಿನ ಮನೆಮನೆಯ ಮಕ್ಕಳ ತಲೆಗೂ ಸಿಗುತ್ತಿದೆ. ಶಾಸ್ತ್ರಗ್ರಂಥದಲ್ಲಿ ಹೀಗೆ ಬರೆದಿದೆ ಎಂದಲ್ಲ, ಆದರೆ ಕಥೆಯನ್ನೂ ಕ್ರಿಯೆಯನ್ನೂ ಪಕ್ಕಪಕ್ಕ ಇಟ್ಟರೆ ಕಾಣುವುದು ಇದೇ.

ಇನ್ನು ಕ್ರಮ. ಹಿಂದಿನ ದಿನ, ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ರಂಗೋಲಿ ಹಾಕಿ, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಗಂಗೆಯನ್ನು ಪೂಜಿಸಬೇಕು. ಅದೇ ಮುಸ್ಸಂಜೆ ಬಾಗಿಲ ಹೊರಗೆ ತೆಂಕಣಕ್ಕೆ ಮುಖ ಮಾಡಿ ಎಳ್ಳೆಣ್ಣೆಯ ಒಂದು ದೀಪ; ಅದು ಯಮನಿಗೆ. ಮಾಮೂಲಿನ ದಿನ ದಕ್ಷಿಣಮುಖದ ದೀಪ ಬೇಡವೆನ್ನುವ ಹಿರಿಯರೇ ಅಂದು ಬೇಕೆನ್ನುತ್ತಾರೆ.

ಅಭ್ಯಂಗಕ್ಕೂ ಹಾಗೆಯೇ. ಚತುರ್ದಶಿಯಂದು ಎಣ್ಣೆಸ್ನಾನ ಸಾಮಾನ್ಯವಾಗಿ ನಿಷಿದ್ಧ, ಆಶ್ವಯುಜ ಬಹುಳ ಚತುರ್ದಶಿಯಂದು ಮಾತ್ರ ಕಡ್ಡಾಯ. ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಬಂದು ನೆಲೆಸುವ ದಿನವೆಂದು ಶಾಸ್ತ್ರ ಹೇಳುತ್ತದೆ. ಪಂಚಾಂಗಗಳಲ್ಲಿ ‘ಚಂದ್ರೋದಯ ಕಾಲೇ ಅಭ್ಯಂಗ’ ಎಂದು ಬರೆದಿರುತ್ತದೆ. ಸವೆದ ಗೆರೆಯಂಥ ಚಂದ್ರ ಮೂಡಿದ ಮೇಲೆ, ಸೂರ್ಯ ಹುಟ್ಟುವುದರೊಳಗೆ ಸ್ನಾನ ಮುಗಿಯಬೇಕು. ಅರುಣೋದಯವೆಂದರೆ ಸೂರ್ಯೋದಯಕ್ಕೆ ಮೊದಲ ನಾಲ್ಕು ಘಳಿಗೆ, ಅಂದರೆ 96 ನಿಮಿಷ. ಐದು ಜನರ ಮನೆಯಲ್ಲಿ ಒಂದೇ ಬಚ್ಚಲು ಇದ್ದರೆ ಇಷ್ಟು ಹೊತ್ತು ಸಾಲುವುದೇ ಕಷ್ಟ. ಆದ್ದರಿಂದ ಸೀಗೆಪುಡಿ, ಕಡಲೆಹಿಟ್ಟು, ಮಣೆ, ಒಣಬಟ್ಟೆಗಳನ್ನು ರಾತ್ರಿಯೇ ಜೋಡಿಸಿಟ್ಟುಕೊಳ್ಳಬೇಕು.

ಎಳ್ಳೆಣ್ಣೆ ತಲೆಗೆ ಎರಡು ದೊಡ್ಡ ಚಮಚ, ಮೈಗೆ ಮೂರೋ ನಾಲ್ಕೋ ಸಾಕು. ಹೆಚ್ಚು ಹಚ್ಚಿದರೆ ಪುಣ್ಯ ಹೆಚ್ಚುವುದಿಲ್ಲ, ಸೀಗೆಗೆ ಜಿಡ್ಡು ಬಿಡುವುದಿಲ್ಲ, ಬಚ್ಚಲ ಕಲ್ಲು ಜಾರುತ್ತದೆ. ಹಿರಿಯರು ಬಿದ್ದು ಹಬ್ಬ ಕೆಡುವುದು ಹೀಗೆಯೇ. ಬಟ್ಟಲನ್ನು ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ, ನೆತ್ತಿಗೆ ಬಿಡುವ ಮೊದಲು ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ. ಎಣ್ಣೆ ಹಚ್ಚಿದ ಮೇಲೆ ಇಪ್ಪತ್ತು ನಿಮಿಷ ಬಿಟ್ಟರಾಯಿತು. ಶೀತದ ಮೈಯವರು ಅಷ್ಟೂ ಕಾಯಬೇಕಾಗಿಲ್ಲ.

ಸ್ನಾನದ ನಡುವೆ ಉತ್ತರಣೆಯ ರೆಂಬೆಯನ್ನು ತಲೆಯ ಸುತ್ತ ಮೂರು ಸಲ ತಿರುಗಿಸಬೇಕು. ಇದೇ ಈಗ ಬಹುತೇಕ ಕಡೆ ತಪ್ಪಿಹೋಗಿರುವುದು. ಸೋರೆ, ತಗಚೆಯ ರೆಂಬೆಗಳನ್ನೂ ಹೇಳಿದ್ದಾರೆ, ಉತ್ತರಣೆ ಮುಖ್ಯ. ಈ ಕಾಲಕ್ಕೆ ಅದರ ತೆನೆಯಲ್ಲಿ ಬೀಜ ಬಲಿತಿರುತ್ತದೆ, ಮುಳ್ಳಿನ ತುದಿ ಕೂದಲಿಗೆ ಸಿಕ್ಕಿದರೆ ಬಿಡಿಸುವುದು ಕಷ್ಟ. ತಲೆಯಿಂದ ಒಂದು ಗೇಣು ಮೇಲೆ ಹಿಡಿದು ತಿರುಗಿಸಿ ಹೊರಗೆ ಎಸೆಯಬೇಕು. ಆಗ ಹೇಳುವ ಮಂತ್ರ ‘ಸೀತಾಲೋಷ್ಠಸಮಾಯುಕ್ತ’ ಎಂದು ಶುರುವಾಗುತ್ತದೆ. ನೇಗಿಲು ಗೆರೆಯೆಬ್ಬಿಸಿದ ಹೊಲದ ಹೆಂಟೆಯೊಡನೆ ಕೂಡಿದ ಉತ್ತರಣೆಯೇ, ಪಾಪ ಕಳೆ ಎಂದು ಅರ್ಥ. ಮುಳ್ಳಿನ ಗಿಡದ ಜೊತೆ ಒಂದು ಹಿಡಿ ಮಣ್ಣನ್ನೂ ತರಬೇಕಾದ್ದು ಅದಕ್ಕೇ. ಮಗ ಸತ್ತ ದಿನ ಲೋಕವೆಲ್ಲ ತಲೆಯ ಸುತ್ತ ತಿರುಗಿಸಿಕೊಳ್ಳುವುದು ಆ ತಾಯಿಯ ಮಣ್ಣನ್ನೇ. ಕಳೆ ಎಂದು ಕೇಳಿಕೊಳ್ಳುವುದೂ ನಮ್ಮ ಪಾಪವನ್ನೇ, ನರಕನ ಪಾಪದ ಮಾತು ಆ ಮಂತ್ರದಲ್ಲಿ ಎಲ್ಲೂ ಇಲ್ಲ.

ಮಿಂದು ಶುಚಿಯಾದ ಮೇಲೆ ಯಮತರ್ಪಣ. ದಕ್ಷಿಣಕ್ಕೆ ಮುಖ ಮಾಡಿ, ಎಳ್ಳು ಬೆರೆಸಿದ ನೀರನ್ನು ಯಮ, ಧರ್ಮರಾಜ, ಮೃತ್ಯು, ಅಂತಕ, ವೈವಸ್ವತ, ಕಾಲ, ಸರ್ವಭೂತಕ್ಷಯ, ಔದುಂಬರ, ದಧ್ನ, ನೀಲ, ಪರಮೇಷ್ಠಿ, ವೃಕೋದರ, ಚಿತ್ರ, ಚಿತ್ರಗುಪ್ತ ಎಂಬ ಹದಿನಾಲ್ಕು ಹೆಸರುಗಳಿಗೆ ಮೂರು ಮೂರು ಅಂಜಲಿಯಂತೆ ಬಿಡಬೇಕು. ಒಟ್ಟು 42 ಅಂಜಲಿ, ಹತ್ತು ನಿಮಿಷದ ಕೆಲಸ. ತಂದೆ ಇರುವವರು ತರ್ಪಣ ಮಾಡಬಾರದೆಂದು ಹಿಂಜರಿಯುತ್ತಾರೆ. ಯಮನಿಗೂ ಭೀಷ್ಮನಿಗೂ ತಂದೆ ಇರುವವನೂ ತರ್ಪಣ ಕೊಡಬೇಕೆಂದು ಶಾಸ್ತ್ರವಿದೆ. ಅಂಥವರು ಸವ್ಯದಲ್ಲೇ, ಅಂದರೆ ಜನಿವಾರ ಎಂದಿನಂತೆ ಎಡಹೆಗಲ ಮೇಲಿರುವಂತೆಯೇ, ಇದ್ದು, ಬೆರಳ ತುದಿಯಿಂದ ಬಿಟ್ಟರಾಯಿತು. ಎಳ್ಳಿನ ವಿಷಯದಲ್ಲಿ ಮನೆಯ ಪುರೋಹಿತರನ್ನು ಕೇಳಿ, ಸಂಪ್ರದಾಯ ಬೇರೆ ಬೇರೆ. ತಟ್ಟೆಯಲ್ಲಿ ಬಿದ್ದ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು.

ಗೆದ್ದ ದಿನ ಸಾವಿನ ದೇವತೆಯ ಹದಿನಾಲ್ಕು ಹೆಸರು ಹೇಳಿಸುವ ಹಬ್ಬ ಶತ್ರುವಿನ ಸಾವಿಗೆ ಕುಣಿಯುವ ಹಬ್ಬವಾಗಲು ಸಾಧ್ಯವೇ? ಅವನ ಪಾಲಿಗೆ ಬಂದದ್ದು ನನ್ನ ಪಾಲಿಗೂ ಬರುತ್ತದೆ ಎಂದು ನಸುಕಿನಲ್ಲೇ, ಒದ್ದೆ ತಲೆಯಲ್ಲೇ, ಹೇಳಿಸಿಬಿಡುತ್ತಾರೆ.

ಹಾಗೆಂದು ಸಂತೋಷವೇ ಪಡಬಾರದು ಎನ್ನುವುದೂ ಸುಳ್ಳು ಸಾಧುತನ. ಹಿರಣ್ಯಕಶಿಪುವಿನ ವಧೆಯ ನಂತರ ಪ್ರಹ್ಲಾದನೇ ನರಸಿಂಹನಿಗೆ ಹೇಳುತ್ತಾನೆ: ಚೇಳು, ಹಾವು ಸತ್ತಾಗ ಸಾಧುವೂ ಸಂತೋಷಪಡುತ್ತಾನೆ, ಲೋಕಗಳಿಗೆ ನೆಮ್ಮದಿಯಾಗಿದೆ, ಇನ್ನು ಕೋಪ ಬಿಡು. ಸತ್ತವನು ಸ್ವಂತ ತಂದೆ. ಮಾತಿನ ಕೊನೆಯನ್ನು ಮರೆಯಬಾರದು, ಅವನು ಸಂತೋಷದ ಮಾತು ತೆಗೆದದ್ದೇ ಕೋಪ ಇಳಿಸಲು. ಮುಂದೆ ಅವನು ಬೇಡುವ ವರ ತಂದೆಯ ಪಾಪ ಕಳೆಯಲಿ ಎಂಬುದು. ಇಪ್ಪತ್ತೊಂದು ತಲೆಮಾರಿನೊಡನೆ ನಿನ್ನ ತಂದೆ ಪಾವನನಾದ, ಹೋಗಿ ಅಂತ್ಯಕ್ರಿಯೆ ಮಾಡು ಎಂದು ನರಸಿಂಹನ ಅಪ್ಪಣೆಯಾಗುತ್ತದೆ. ನರಕನ ಸೆರೆಮನೆ ತೆರೆದಾಗ ಆ ಹೆಣ್ಣುಮಕ್ಕಳು ಅಳಬೇಕಿತ್ತೇ? ಅವರ ಸಂತೋಷ ಅವರ ಹಕ್ಕು. ದೀಪ ಹಚ್ಚುವುದು ಆ ಬಿಡುಗಡೆಗೆ.

ಕೆಡುವುದು ಎಲ್ಲಿ ಎಂಬುದನ್ನು ಮಹಾಭಾರತದ ಶಲ್ಯಪರ್ವ ತೋರಿಸುತ್ತದೆ. ತೊಡೆ ಮುರಿದು ದುರ್ಯೋಧನ ಬಿದ್ದಾಗ ಪಾಂಡವರ ಕಡೆಯವರು ಉತ್ತರೀಯ ಬೀಸಿದರು, ಸಿಂಹನಾದ ಮಾಡಿದರು, ಬಿದ್ದವನನ್ನು ಬಾಯಿಗೆ ಬಂದಂತೆ ಆಡಿದರು. ಕೃಷ್ಣ ತಡೆದ: ಸತ್ತ ಶತ್ರುವನ್ನು ಕಟುಮಾತಿನಿಂದ ಮತ್ತೆ ಮತ್ತೆ ಕೊಲ್ಲುವುದು ನ್ಯಾಯವಲ್ಲ. ದುರ್ಯೋಧನನ ತಪ್ಪುಗಳನ್ನು ಕೃಷ್ಣ ಮುಚ್ಚಿಡುವುದಿಲ್ಲ, ಅದೇ ಮಾತಿನಲ್ಲಿ ಎತ್ತಿ ಆಡುತ್ತಾನೆ. ಕುಣಿತವನ್ನು ಮಾತ್ರ ನಿಲ್ಲಿಸಿ ಅಲ್ಲಿಂದ ಹೊರಡಿಸುತ್ತಾನೆ. ಗೆದ್ದೆವೆಂದು ಪಾಂಡವರ ಕಡೆಯ ಆ ಪಾಂಚಾಲರು ಶಿಬಿರದಲ್ಲಿ ಮೈಮರೆತು ಮಲಗಿದ ರಾತ್ರಿಯೇ ಅಶ್ವತ್ಥಾಮ ಬಂದದ್ದು. ಬೆಳಗಾದ ಮೇಲೆ ಉಳಿದದ್ದು ದ್ರೌಪದಿಯ ಐವರು ಮಕ್ಕಳ ಹೆಣ. ಕೊನೆಗೆ ಅಶ್ವತ್ಥಾಮನನ್ನು ಕಟ್ಟಿ ತಂದಾಗ, ಇವನ ತಾಯಿಯೂ ನನ್ನಂತೆ ಅಳುವುದು ಬೇಡ, ಬಿಟ್ಟುಬಿಡಿ ಎಂದವಳು ಭಾಗವತದ ದ್ರೌಪದಿ. ನೆಲಕ್ಕಿಡುವ ಮೊದಲ ಬೊಟ್ಟಿನ ಹಿಂದೆ ಇಷ್ಟಿದೆ.

ರಾವಣ ಬಿದ್ದಾಗ ರಾಮ ವಿಭೀಷಣನಿಗೆ ಹೇಳಿದ ಮಾತು ಎಲ್ಲರಿಗೂ ಗೊತ್ತು: ವೈರ ಸಾವಿನವರೆಗೆ, ಸಂಸ್ಕಾರ ಮಾಡು, ಅವನು ನಿನಗೆ ಹೇಗೋ ನನಗೂ ಹಾಗೆಯೇ. ಕಡಿಮೆ ಜನಕ್ಕೆ ಗೊತ್ತಿರುವುದು ಭಗದತ್ತನ ಕೊನೆ. ತಲೆಯ ಮೇಲೆ ಕೈಯಿಡಿಸಿಕೊಂಡ ಆ ಹುಡುಗನೇ ಮುಪ್ಪಿನಲ್ಲಿ ಸುಪ್ರತೀಕವೆಂಬ ಆನೆಯೇರಿ ಕುರುಕ್ಷೇತ್ರದಲ್ಲಿ ಕೌರವರ ಪರ ನಿಂತ. ನರಕನಿಂದ ಬಂದಿದ್ದ ವೈಷ್ಣವಾಸ್ತ್ರವನ್ನು ಅರ್ಜುನನ ಮೇಲೆ ಬಿಟ್ಟ, ಕೃಷ್ಣ ಅದನ್ನು ತನ್ನ ಎದೆಗೆ ತಗಲಿಸಿಕೊಂಡ. ಅರ್ಜುನ ಅವನನ್ನು ಕೊಂದ. ಕೊಂದ ಮೇಲೆ ಅರ್ಜುನ ಮಾಡಿದ್ದು ಪ್ರದಕ್ಷಿಣೆ. ಯುದ್ಧದ ನಡುವೆ, ಬಾಣಗಳು ಹಾರುತ್ತಿದ್ದಾಗಲೇ, ತಾನು ಕೊಂದ ವೀರನಿಗೆ ಒಂದು ಸುತ್ತು.

ಇವತ್ತು ನೋಡಿದರೆ ಪಟಾಕಿ ಉಳಿಯಿತು, ತರ್ಪಣ ಹೋಯಿತು. ಗೀಸರಿನ ನೀರಿಗೆ ಗಂಗೆಯ ಪೂಜೆಯಿಲ್ಲ, ಶಾಂಪೂ ಬಂದ ಮೇಲೆ ಎಣ್ಣೆ ಬೆರಳ ತುದಿಯಷ್ಟಕ್ಕೆ ನಿಂತಿದೆ. ಕೊಂಕಣಿ ಮನೆಗಳಲ್ಲಿ ಕಹಿ ಕರೀಟ್ ಕಾಯಿಯನ್ನು ನರಕನೆಂದು ಕಾಲಲ್ಲಿ ಒಡೆಯುತ್ತಾರೆ, ಗೋವೆಯಲ್ಲಿ ಪ್ರತಿಕೃತಿ ಸುಡುತ್ತಾರೆ. ಅದು ಅವರ ಸಂಪ್ರದಾಯ, ಬಿಡಬೇಕಾಗಿಲ್ಲ. ಆದರೆ ಒಡೆಯುವುದು, ಸುಡುವುದು, ಸಿಡಿಸುವುದಷ್ಟೇ ಉಳಿದು ನೀರು ಬಿಡುವುದು ಹೋದರೆ ಉಳಿಯುವುದು ಶಲ್ಯಪರ್ವದ ಆ ಸಿಂಹನಾದ ಮಾತ್ರ. ಯಾವನೋ ಪಾತಕಿ ಸತ್ತನೆಂದು ಫೋನಿನಲ್ಲಿ ನಗುಮುಖ ಹಂಚುವ ಚಾಳಿಯೂ ಅದರ ಮುಂದುವರಿಕೆಯೇ. ಅವನಿಂದ ನೊಂದವರು ನಿಟ್ಟುಸಿರು ಬಿಡಲಿ. ದೂರದಿಂದ ನೋಡಿದವರಿಗೆ ಆ ನಗು ಎಲ್ಲಿಂದ ಬಂತು?

ಎಲ್ಲವನ್ನೂ ಮಾಡಲಾಗದವರು ಕಡೇಪಕ್ಷ ಸರದಿಯನ್ನಾದರೂ ಉಳಿಸಿಕೊಳ್ಳಬೇಕು. ನೆಲಕ್ಕೆ ಬೊಟ್ಟು, ತಲೆಗೆ ಎಣ್ಣೆ, ಸ್ನಾನ, ತರ್ಪಣ, ಅದಾದ ಮೇಲೆ ಮಕ್ಕಳ ಕೈಗೆ ಪಟಾಕಿ. ಹದಿನಾಲ್ಕು ಹೆಸರು ಬಾರದಿದ್ದರೆ ‘ಯಮಾಯ ನಮಃ, ಯಮಂ ತರ್ಪಯಾಮಿ’ ಎಂದು ಮೂರು ಅಂಜಲಿ ಬಿಡಿ. ಉತ್ತರಣೆಯನ್ನು ಹಿಂದಿನ ಸಂಜೆ ಬೆಳಕಿರುವಾಗಲೇ ಬೇಲಿಯ ಬದಿಯಿಂದ, ಬೇರಿಗೆ ಅಂಟಿದ ಮಣ್ಣು ಉದುರದಂತೆ ಕಿತ್ತು ತನ್ನಿ. ಎಳ್ಳು ಮಿಕ್ಕರೆ ಕಟ್ಟಿಡಿ, ಮಾಘ ಶುದ್ಧ ಅಷ್ಟಮಿಗೆ ಭೀಷ್ಮತರ್ಪಣ ಬರುತ್ತದೆ. ಅವನೂ ಎದುರು ಪಾಳೆಯದ ಸೇನಾಪತಿಯೇ, ಮಕ್ಕಳಿಲ್ಲದವನು. ಅವನಿಗೆ ನೀರು ಬಿಡುವ ಹೊಣೆ ನಮ್ಮೆಲ್ಲರದು.